ಹೃದಯ ಶಸ್ತ್ರಚಿಕಿತ್ಸೆಯ ನಂತರ ರಕ್ತ ತೆಳುವಾಗಿಸುವ ಮಾತ್ರೆ: ಮುಂದುವರಿಸಬೇಕೆ, ಬಿಡಬಹುದೆ, ಬದಲಿಸಬಹುದೆ?

ಹೃದಯದ ಶಸ್ತ್ರಚಿಕಿತ್ಸೆ ಮುಗಿದು ಕೆಲವು ತಿಂಗಳು ಕಳೆದಿರುತ್ತವೆ. ಎದೆಯ ಗಾಯ ಮಾಗಿದೆ, ನಡೆದಾಡಿದರೆ ಏದುಸಿರು ಬರುವುದಿಲ್ಲ, ಇಸಿಜಿ ತೆಗೆಸಿದರೆ ಬಡಿತ ಕ್ರಮವಾಗಿದೆ ಎಂಬ ವರದಿ ಕೈಗೆ ಸಿಗುತ್ತದೆ. ಆಗ ದಿನವೂ ನುಂಗುವ ಮಾತ್ರೆಗಳಲ್ಲಿ ಒಂದರ ಮೇಲೆ ವಿಶೇಷವಾಗಿ ಕಣ್ಣು ಹೋಗುತ್ತದೆ. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ, ರೂಢಿಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ಎಂದು ಕರೆಯುವ ಔಷಧ. ಹಲ್ಲುಜ್ಜುವಾಗ ಒಸಡಿನಿಂದ ಜಿನುಗುವ ರಕ್ತ, ಸಣ್ಣ ಪೆಟ್ಟಿಗೂ ನೀಲಿಗಟ್ಟುವ ಚರ್ಮ, ಬಿದ್ದರೆ ಏನಾದೀತು ಎಂಬ ಅಳುಕು, ಇವೆಲ್ಲ ಸೇರಿ ‘ಇನ್ನು ಇದನ್ನು ಬಿಡಬಹುದಲ್ಲವೆ’ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಸಿಗುವುದು ಬಡಿತದ ವರದಿಯಲ್ಲಲ್ಲ ಎಂಬುದನ್ನು ಈ ಲೇಖನದ ಆರಂಭದಲ್ಲೇ ಹೇಳಿಬಿಡುತ್ತೇನೆ. ಹೃತ್ಕರ್ಣದ (ಹೃದಯದ ಮೇಲಿನ ಕೋಣೆಯ) ಕಂಪನ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್, ಶಸ್ತ್ರಚಿಕಿತ್ಸೆಗೆ ಮೊದಲೇ ಇತ್ತೆ, ಕವಾಟಕ್ಕೆ ಏನು ಮಾಡಲಾಯಿತು, ಎಡ ಹೃತ್ಕರ್ಣದ ಬದಿಯ ಸಣ್ಣ ಚೀಲ ಪೂರ್ತಿ ಮುಚ್ಚಿದೆಯೆ, ರೋಗಿಗೆ ಪಾರ್ಶ್ವವಾಯುವಿನ ಅಪಾಯ ಎಷ್ಟಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಗೊತ್ತಾಗದೆ ಒಂದು ಆಯ್ಕೆಯನ್ನು ಇನ್ನೊಂದರ ಜೊತೆ ಹೋಲಿಸುವುದು ಸಾಧ್ಯವಿಲ್ಲ.

ಈ ಮಾತ್ರೆ ಏಕೆ ಬಂತು ಎಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಹೃತ್ಕರ್ಣಗಳು ಸಂಕುಚಿಸುವ ಬದಲು ಅದುರತೊಡಗಿದರೆ ರಕ್ತ ಅಲ್ಲಿ ನಿಧಾನವಾಗುತ್ತದೆ, ನಿಂತ ರಕ್ತ ಹೆಪ್ಪಾಗುತ್ತದೆ, ಹೆಪ್ಪು ಕಳಚಿ ಮಿದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು ಬಡಿಯುತ್ತದೆ. ಈ ಕಂಪನ ಇರುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಬಹಳ ಹಿಂದೆಯೇ ತೋರಿಸಿತ್ತು. ಮಾತ್ರೆ ಈ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಬಡಿತವನ್ನು ಸರಿಪಡಿಸುವುದಿಲ್ಲ.

ಹೋಲಿಕೆಗೆ ಅವಕಾಶವೇ ಇಲ್ಲದ ಸಂದರ್ಭಗಳು

ಲೋಹದ ಕವಾಟ ಅಳವಡಿಸಿಕೊಂಡವರು ವಾರ್ಫರಿನ್ ಮಾತ್ರೆಯನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕು. ಅವರಿಗೆ ಬಿಡುವ ಪ್ರಶ್ನೆಯೂ ಇಲ್ಲ, ಡಾಬಿಗಾಟ್ರಾನ್, ಅಪಿಕ್ಸಬಾನ್, ರಿವರೋಕ್ಸಬಾನ್‌ನಂಥ ಹೊಸ ತಲೆಮಾರಿನ ಮಾತ್ರೆಗೆ ಬದಲಾಯಿಸುವ ಪ್ರಶ್ನೆಯೂ ಇಲ್ಲ. ಲೋಹದ ಕವಾಟವಿದ್ದವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನೂ, ಒಂದು ಬಗೆಯ ಮಹಾಪಧಮನಿ ಕವಾಟದವರಿಗೆ ಅಪಿಕ್ಸಬಾನ್ ಕೊಟ್ಟು ನೋಡಿದ ಪ್ರಯೋಗವನ್ನೂ ಹೆಪ್ಪಿನ ತೊಂದರೆ ಹೆಚ್ಚಾದ ಕಾರಣ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಕಿರಿದಾಗಿ ಹಾಗೇ ಉಳಿದಿರುವವರಿಗೂ ವಾರ್ಫರಿನ್ನೇ ಮೊದಲ ಆಯ್ಕೆ. 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ ರುಮ್ಯಾಟಿಕ್ ಹೃದಯರೋಗದ ಜೊತೆ ಕಂಪನವೂ ಇದ್ದ ನಾಲ್ಕೂವರೆ ಸಾವಿರ ರೋಗಿಗಳನ್ನು ನೋಡಿದಾಗ, ರಿವರೋಕ್ಸಬಾನ್ ತೆಗೆದುಕೊಂಡವರಿಗಿಂತ ವಾರ್ಫರಿನ್ ಗುಂಪಿನ ಔಷಧ ತೆಗೆದುಕೊಂಡವರಲ್ಲಿ ಸಾವುಗಳು ಕಡಿಮೆ ಇದ್ದವು.

ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟದವರ ಸ್ಥಿತಿ ಬೇರೆ, ಗೊಂದಲ ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ಇಂಥ ಕವಾಟ ಹಾಕಿದ ಮೇಲೆ ಅದರ ಸುತ್ತ ಒಳಪದರ ಬೆಳೆಯುವವರೆಗೆ ಮೂರರಿಂದ ಆರು ತಿಂಗಳು ಮಾತ್ರೆ ಕೊಡುವ ಪದ್ಧತಿ ಇದೆ. ಆ ಅವಧಿ ಮುಗಿದಾಗ ಕವಾಟದ ಕಾರಣಕ್ಕೆ ಮಾತ್ರೆ ಬೇಡವಾಗುತ್ತದೆ. ಆದರೆ ಅದೇ ರೋಗಿಗೆ ಹೃತ್ಕರ್ಣದ ಕಂಪನವೂ ಇದ್ದರೆ ಎರಡನೆಯ ಕಾರಣ ಹಾಗೆಯೇ ಉಳಿದಿರುತ್ತದೆ. ‘ಮೂರು ತಿಂಗಳಿಗೆಂದು ಹೇಳಿದ್ದರು, ಮುಗಿಯಿತು’ ಎಂದು ಮಾತ್ರೆ ಬಿಟ್ಟವರು ಈ ಎರಡು ಕಾರಣಗಳನ್ನು ಒಂದೇ ಎಂದು ತಿಳಿದಿರುತ್ತಾರೆ. ಇವರಿಗೆ ಔಷಧವನ್ನು ಬದಲಿಸುವ ಅವಕಾಶವಂತೂ ಇದೆ. ಮೈಟ್ರಲ್ ಜಾಗದಲ್ಲಿ ಅಂಗಾಂಶದ ಕವಾಟವೂ ಹೃತ್ಕರ್ಣದ ಕಂಪನವೂ ಇದ್ದ 1,005 ಜನರ ಮೇಲೆ ಬ್ರೆಜಿಲ್‌ನಲ್ಲಿ ನಡೆದ ರಿವರ್ ಅಧ್ಯಯನ, ರಿವರೋಕ್ಸಬಾನ್ ವಾರ್ಫರಿನ್‌ಗಿಂತ ಕಡಿಮೆಯಲ್ಲ ಎಂಬುದನ್ನು 2020ರಲ್ಲಿ ತೋರಿಸಿತು. ವಾರ್ಫರಿನ್ ತೆಗೆದುಕೊಳ್ಳುವಾಗ ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂದು ನೋಡುವ ಐಎನ್‌ಆರ್ ರಕ್ತಪರೀಕ್ಷೆಯನ್ನು ಪದೇ ಪದೇ ಮಾಡಿಸಿ ಬೇಸತ್ತು ಮಾತ್ರೆಯನ್ನೇ ಬಿಡುವ ಯೋಚನೆಯಲ್ಲಿರುವವರು, ಬಿಡುವ ಮೊದಲು ಬದಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕು.

ಮೊದಲೇ ಇದ್ದ ಕಂಪನ, ನಂತರ ಬಂದ ಕಂಪನ

ಹೃದಯ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಅನೇಕರಿಗೆ ಮೊದಲ ಬಾರಿಗೆ ಹೃತ್ಕರ್ಣದ ಕಂಪನ ಕಾಣಿಸಿಕೊಳ್ಳುತ್ತದೆ. ಬೈಪಾಸ್ ಆದವರಲ್ಲಿ ನಾಲ್ಕೈದು ಜನರಿಗೆ ಒಬ್ಬರಂತಾದರೂ ಇದು ಬರುತ್ತದೆ, ಕವಾಟದ ಶಸ್ತ್ರಚಿಕಿತ್ಸೆಯಾದವರಲ್ಲಿ ಇನ್ನೂ ಹೆಚ್ಚು. ಕೊಯ್ದ ಜಾಗದ ಉರಿಯೂತ, ಹೃದಯದ ಸುತ್ತ ಸೇರಿದ ರಕ್ತ, ದೇಹದಲ್ಲಿ ಏರಿದ ಒತ್ತಡದ ಹಾರ್ಮೋನುಗಳು ಸೇರಿ ಇದನ್ನು ಹುಟ್ಟಿಸುತ್ತವೆ. ಅನೇಕರಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇಂಥವರಿಗೆ, ರಕ್ತಸ್ರಾವದ ಭಯ ಕಳೆದ ಮೇಲೆ, ಶಸ್ತ್ರಚಿಕಿತ್ಸೆಯಿಂದ 60 ದಿನಗಳವರೆಗೆ ಮಾತ್ರೆ ಕೊಟ್ಟು ಆಗ ಮತ್ತೆ ಪರಿಶೀಲಿಸುವುದು ಸೂಕ್ತ. ಅಲ್ಲಿ 60 ದಿನಕ್ಕೆ ನಿಲ್ಲಿಸಿ ಎಂದು ಬರೆದಿಲ್ಲ, ಮುಂದಿನ ಅಗತ್ಯವನ್ನು ಪರಿಶೀಲಿಸಿ ಎಂದು ಬರೆದಿದೆ. 2024ರ ಯುರೋಪಿನ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಪ್ಪಿನ ಅಪಾಯ ಹೆಚ್ಚಿರುವವರಿಗೆ ದೀರ್ಘಕಾಲ ಮಾತ್ರೆ ಕೊಡುವುದನ್ನು ಯೋಚಿಸಬೇಕು ಎನ್ನುತ್ತದೆ.

ಇಬ್ಬರು ರೋಗಿಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬರಿಗೆ 56 ವರ್ಷ, ಬೈಪಾಸ್ ಆಗಿದೆ, ರಕ್ತದೊತ್ತಡವಾಗಲಿ ಸಕ್ಕರೆ ಕಾಯಿಲೆಯಾಗಲಿ ಇಲ್ಲ, ಮೂರನೆಯ ದಿನ ಕೆಲವು ಗಂಟೆ ಬಡಿತ ತಪ್ಪಿ ಸರಿಹೋಯಿತು, ಎರಡು ತಿಂಗಳ ನಂತರ ಹಲವು ದಿನಗಳ ಬಡಿತವನ್ನು ದಾಖಲಿಸಿ ನೋಡಿದಾಗ ಎಲ್ಲೂ ಕಂಪನ ಸಿಗಲಿಲ್ಲ. ಇವರಿಗೆ ಮಾತ್ರೆ ನಿಲ್ಲಿಸುವುದು ಸಮಂಜಸವಾದ ಆಯ್ಕೆ. ಇನ್ನೊಬ್ಬರಿಗೆ 72 ವರ್ಷ, ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಇವೆ, ಕಂಪನ ನಾಲ್ಕು ವರ್ಷದಿಂದ ಬಂದು ಹೋಗುತ್ತಿತ್ತು, ಮೈಟ್ರಲ್ ಕವಾಟವನ್ನು ರಿಪೇರಿ ಮಾಡಿ ಅದೇ ವೇಳೆಗೆ ಹೃತ್ಕರ್ಣದ ಚೀಲಕ್ಕೂ ಹೊಲಿಗೆ ಹಾಕಲಾಗಿದೆ, ಆರು ತಿಂಗಳಿಂದ ಬಡಿತ ನೆಟ್ಟಗಿದೆ. ಹೊರನೋಟಕ್ಕೆ ಎರಡನೆಯವರೇ ಹೆಚ್ಚು ಚಿಕಿತ್ಸೆ ಪಡೆದವರು, ಹಾಗಾಗಿ ಹೆಚ್ಚು ಸುರಕ್ಷಿತರು ಎನಿಸಬಹುದು. ಆದರೆ ಮಾತ್ರೆ ಮುಂದುವರಿಸಬೇಕಾದವರು ಇವರೇ.

ಈ ವ್ಯತ್ಯಾಸಕ್ಕೆ ಆಧಾರ, ಪಾರ್ಶ್ವವಾಯುವಿನ ಅಪಾಯವನ್ನು ಅಳೆಯುವ ಚಾಡ್ಸ್-ವಾಸ್ಕ್ ಎಂಬ ಅಂಕಪಟ್ಟಿ. ಹೃದಯ ವೈಫಲ್ಯ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತನಾಳದ ಕಾಯಿಲೆ ಮತ್ತು 65ರಿಂದ 74ರ ವಯಸ್ಸಿಗೆ ತಲಾ ಒಂದು ಅಂಕ, 75 ತುಂಬಿದವರಿಗೆ ಎರಡು, ಹಿಂದೆ ಪಾರ್ಶ್ವವಾಯು ಆಗಿದ್ದರೆ ಎರಡು. ಹೆಣ್ಣಿಗೆ ಒಂದು ಅಂಕ ಸೇರಿಸುವ ಕ್ರಮವನ್ನು ಯುರೋಪಿನ 2024ರ ಮಾರ್ಗಸೂಚಿ ಕೈಬಿಟ್ಟಿದೆ. ಅದರ ಪ್ರಕಾರ ಎರಡು ಅಥವಾ ಹೆಚ್ಚು ಅಂಕವಿದ್ದರೆ ಮಾತ್ರೆ ಬೇಕು, ಒಂದಿದ್ದರೆ ಯೋಚಿಸಬೇಕು. ಹೃದಯದ ರಕ್ತನಾಳದ ಕಾಯಿಲೆಗೇ ಒಂದು ಅಂಕವಿರುವುದರಿಂದ ಬೈಪಾಸ್ ಆದವರಿಗೆ ಸೊನ್ನೆ ಅಂಕ ಸಿಗುವುದೇ ಇಲ್ಲ ಎಂಬುದನ್ನು ಗಮನಿಸಬೇಕು. 56 ವರ್ಷದವರ ವಿಷಯದಲ್ಲೂ ನಿರ್ಧಾರವನ್ನು ತೂಗಿ ನೋಡಿಯೇ ಮಾಡಬೇಕಾಗಿರುವುದು ಆ ಕಾರಣಕ್ಕೆ.

ಬಡಿತ ಸರಿಯಾಗಿದೆ ಎಂಬ ಕಾರಣಕ್ಕೆ ಬಿಡುವುದು

ಎಲ್ಲ ಆಯ್ಕೆಗಳಲ್ಲಿ ಅತ್ಯಂತ ಸಹಜವೆನಿಸುವುದು ಇದು, ನನಗೆ ಅತ್ಯಂತ ಆತಂಕ ತರುವುದೂ ಇದೇ. ಹೃತ್ಕರ್ಣದ ಕಂಪನ ಎಷ್ಟೋ ಸಲ ಯಾವ ಸೂಚನೆಯನ್ನೂ ಕೊಡದೆ ಬಂದು ಹೋಗುತ್ತದೆ. ಹತ್ತು ಸೆಕೆಂಡಿನ ಇಸಿಜಿ ಆ ಹತ್ತು ಸೆಕೆಂಡಿನ ಬಗ್ಗೆ ಮಾತ್ರ ಹೇಳಬಲ್ಲದು, ಮೈಗೆ ಕಟ್ಟಿಕೊಂಡು 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಆ ಒಂದು ದಿನದ ಬಗ್ಗೆ. ಇನ್ನೂ ಒಂದು ತೊಡಕಿದೆ. ಪೇಸ್‌ಮೇಕರ್‌ನಂಥ ಸಾಧನಗಳಿದ್ದವರ ಬಡಿತವನ್ನು ನಿರಂತರವಾಗಿ ದಾಖಲಿಸಿದ ಅಸರ್ಟ್ ಅಧ್ಯಯನದಲ್ಲಿ, ಪಾರ್ಶ್ವವಾಯು ಆದವರ ದಾಖಲೆಯನ್ನು ಹಿಂದಕ್ಕೆ ತಿರುಗಿ ನೋಡಿದಾಗ ಅದಕ್ಕೆ ಮುಂಚಿನ 30 ದಿನಗಳಲ್ಲಿ ಕಂಪನ ಇದ್ದವರು ಕೆಲವರೇ. ಅಂದರೆ ಬಡಿತ ತಪ್ಪಿದ ದಿನವೇ ಹೆಪ್ಪು ಹಾರುತ್ತದೆ ಎಂಬ ನೇರ ಲೆಕ್ಕ ನಡೆಯುವುದಿಲ್ಲ. ವರ್ಷಗಟ್ಟಲೆ ಅದುರಿ ಹಿಗ್ಗಿದ, ಒಳಗೆ ನಾರುಗಟ್ಟಿದ ಹೃತ್ಕರ್ಣ, ಬಡಿತ ಸರಿಯಾದ ಮಾತ್ರಕ್ಕೆ ಮೊದಲಿನಂತೆ ರಕ್ತವನ್ನು ತಳ್ಳುತ್ತದೆ ಎನ್ನಲಾಗದು.

1987ರಲ್ಲಿ ಜೇಮ್ಸ್ ಕಾಕ್ಸ್ ಆರಂಭಿಸಿದ ಮೇಜ್ ಶಸ್ತ್ರಚಿಕಿತ್ಸೆ, ಅಂದರೆ ಹೃತ್ಕರ್ಣದ ಗೋಡೆಯಲ್ಲಿ ಗೆರೆಗಳನ್ನು ಕೊಯ್ದು ಅಥವಾ ಸುಟ್ಟು ತಪ್ಪು ವಿದ್ಯುತ್ ಸಂಚಾರದ ದಾರಿ ಕಟ್ಟುವ ಕ್ರಮ, ಬಡಿತವನ್ನು ಉಳಿಸಿಕೊಳ್ಳುವಲ್ಲಿ ತುಂಬ ಪರಿಣಾಮಕಾರಿ. ಇದಾದವರು ‘ಮೂಲವನ್ನೇ ಕತ್ತರಿಸಿದ್ದಾರೆ, ಇನ್ನೇಕೆ ಮಾತ್ರೆ’ ಎಂದು ಕೇಳುವುದು ಸ್ವಾಭಾವಿಕ. ಇತ್ತೀಚೆಗೆ ಅವರ ಕೈಗೆ ಹೊಸ ವಾದವೂ ಸಿಕ್ಕಿದೆ. ಕೊರಿಯಾದಲ್ಲಿ 840 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಲೋನ್-ಎಎಫ್ ಅಧ್ಯಯನದಲ್ಲಿ, ಅಬ್ಲೇಷನ್ (ತಪ್ಪು ವಿದ್ಯುತ್ ಸಂಚಾರದ ಜಾಗವನ್ನು ನಿಷ್ಕ್ರಿಯಗೊಳಿಸುವ ಚಿಕಿತ್ಸೆ) ಆಗಿ ಕನಿಷ್ಠ ಒಂದು ವರ್ಷ ಕಂಪನ ಮರುಕಳಿಸದಿದ್ದವರು ಮಾತ್ರೆ ಬಿಟ್ಟಾಗ, ಪಾರ್ಶ್ವವಾಯು ಮತ್ತು ದೊಡ್ಡ ರಕ್ತಸ್ರಾವ ಇತ್ಯಾದಿ ಸೇರಿದ ಒಟ್ಟು ಲೆಕ್ಕ ಎರಡು ವರ್ಷದಲ್ಲಿ ಶೇ. 0.3 ಇತ್ತು, ಮುಂದುವರಿಸಿದವರಲ್ಲಿ ಶೇ. 2.2. ಅದೇ ವರ್ಷದ ಓಷನ್ ಅಧ್ಯಯನದಲ್ಲೂ ಅಬ್ಲೇಷನ್ ಯಶಸ್ವಿಯಾದವರಲ್ಲಿ ರಿವರೋಕ್ಸಬಾನ್ ಮತ್ತು ಆಸ್ಪಿರಿನ್ ನಡುವೆ ಪಾರ್ಶ್ವವಾಯುವಿನ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇವು ಸಂತೋಷದ ಸುದ್ದಿಗಳೇ. ಆದರೆ ಈ ಅಧ್ಯಯನಗಳಲ್ಲಿ ಇದ್ದವರು ತೊಡೆಯ ರಕ್ತನಾಳದ ಮೂಲಕ ಕ್ಯಾಥೆಟರ್ ಎಂಬ ತೆಳು ನಳಿಕೆ ತೂರಿಸಿ ಅಬ್ಲೇಷನ್ ಮಾಡಿಸಿಕೊಂಡವರು. ಎದೆ ತೆರೆದು ಕವಾಟ ರಿಪೇರಿಯಾದವರ, ಹಲವು ಕಾಯಿಲೆಗಳನ್ನು ಹೊತ್ತ ಎಪ್ಪತ್ತು ದಾಟಿದವರ ಹೃದಯ ಅವರ ಹೃದಯದಂಥದ್ದಲ್ಲ. ಆ ಫಲಿತಾಂಶವನ್ನು ಇವರ ಮೇಲೆ ಹಾಗೇ ಹೊರಿಸುವುದು ತಪ್ಪು.

ಹೃತ್ಕರ್ಣದ ಚೀಲ ಮುಚ್ಚಿದೆ ಎಂಬ ಕಾರಣಕ್ಕೆ ಬಿಡುವುದು

ಎಡ ಹೃತ್ಕರ್ಣದ ಬದಿಯಲ್ಲಿ ಕಿರುಬೆರಳಿನಂತೆ ಚಾಚಿಕೊಂಡ ಒಂದು ಚೀಲವಿದೆ. ವೈದ್ಯರು ಇದನ್ನು ಅಪೆಂಡೇಜ್ ಎನ್ನುತ್ತಾರೆ. ಕವಾಟದ ಕಾಯಿಲೆ ಇಲ್ಲದ ಕಂಪನದಲ್ಲಿ ಹೃತ್ಕರ್ಣದೊಳಗೆ ಕಾಣುವ ಹೆಪ್ಪುಗಳಲ್ಲಿ ಶೇ. 90ರಷ್ಟು ಈ ಚೀಲದಲ್ಲೇ ಸಿಗುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸಕರು ಬೇರೆ ಕಾರಣಕ್ಕೆ ಎದೆ ತೆರೆದಾಗ ಇದನ್ನೂ ಕತ್ತರಿಸಿ ಹೊಲಿಯುತ್ತಾರೆ, ಇಲ್ಲವೆ ಹೊರಗಿನಿಂದ ಕ್ಲಿಪ್ ಹಾಕಿ ಬಂದ್ ಮಾಡುತ್ತಾರೆ.

ಇದರಿಂದ ನಿಜವಾಗಿ ಲಾಭವಿದೆಯೆ ಎಂಬುದನ್ನು 2021ರಲ್ಲಿ ಪ್ರಕಟವಾದ ಎಲ್‌ಎಎಒಎಸ್-3 ಅಧ್ಯಯನ ತೀರ್ಮಾನಿಸಿತು. 27 ದೇಶಗಳ 4,800ರಷ್ಟು ರೋಗಿಗಳು, ಸರಾಸರಿ ವಯಸ್ಸು 71, ಎಲ್ಲರಿಗೂ ಮೊದಲೇ ಕಂಪನವಿತ್ತು, ಎಲ್ಲರೂ ಬೇರೆ ಕಾರಣಕ್ಕೆ ಹೃದಯ ಶಸ್ತ್ರಚಿಕಿತ್ಸೆಗೆ ಬಂದವರು. ಅರ್ಧದಷ್ಟು ಜನರಿಗೆ ಚೀಲ ಮುಚ್ಚಲಾಯಿತು, ಉಳಿದವರಿಗೆ ಇಲ್ಲ. ಸರಾಸರಿ 3.8 ವರ್ಷಗಳ ನಂತರ ನೋಡಿದಾಗ ಪಾರ್ಶ್ವವಾಯು ಅಥವಾ ಬೇರೆ ಅಂಗಕ್ಕೆ ಹೆಪ್ಪು ಹಾರಿದ ಘಟನೆ ಮುಚ್ಚಿದವರಲ್ಲಿ ಶೇ. 4.8, ಮುಚ್ಚದವರಲ್ಲಿ ಶೇ. 7. ಅಪಾಯ ಮೂರನೆಯ ಒಂದು ಭಾಗದಷ್ಟು ಇಳಿಯಿತು. ಆದರೆ ಇದನ್ನು ಓದುವಾಗ ಬಹಳ ಜನ ಬಿಟ್ಟುಬಿಡುವ ಸಂಗತಿಯೊಂದಿದೆ. ಮೂರು ವರ್ಷವಾದ ಮೇಲೂ ಎರಡೂ ಗುಂಪುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಲೇ ಇದ್ದರು. ಮಾತ್ರೆಯ ಜೊತೆ ಚೀಲವನ್ನೂ ಮುಚ್ಚಿದರೆ ರಕ್ಷಣೆ ಹೆಚ್ಚು ಎಂಬುದನ್ನು ಈ ಅಧ್ಯಯನ ಸಾಬೀತುಮಾಡಿತು. ಮಾತ್ರೆಯ ಬದಲು ಚೀಲ ಮುಚ್ಚಿದರೆ ಸಾಕೆ ಎಂಬುದನ್ನು ಅದು ಪರೀಕ್ಷಿಸಲೇ ಇಲ್ಲ. ಜೊತೆಗೆ ಮತ್ತು ಬದಲಿಗೆ ಎಂಬ ಎರಡು ಮಾತುಗಳ ನಡುವಿನ ಅಂತರವನ್ನು ರೋಗಿಗಳಿಗೆ ಬಿಡಿಸಿ ಹೇಳಬೇಕಾದದ್ದು ಎಷ್ಟು ಮುಖ್ಯ ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಮುಚ್ಚಿದೆ ಎಂಬುದೂ ಯಾವಾಗಲೂ ಪೂರ್ತಿ ಮುಚ್ಚಿದೆ ಎಂದಾಗುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 2008ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಚೀಲ ಮುಚ್ಚಿಸಿಕೊಂಡಿದ್ದ 137 ಜನರನ್ನು ಅನ್ನನಾಳದ ಮೂಲಕ ಮಾಡುವ ಎಕೋದಲ್ಲಿ ನೋಡಿದಾಗ, ಕತ್ತರಿಸಿ ತೆಗೆದವರಲ್ಲಿ ಶೇ. 73ರಷ್ಟು ಜನರಲ್ಲಿ ಕೆಲಸ ಸರಿಯಾಗಿತ್ತು, ಒಳಗಿನಿಂದ ಹೊಲಿಗೆ ಮಾತ್ರ ಹಾಕಿದವರಲ್ಲಿ ಶೇ. 23 ಮಾತ್ರ. ಅರೆಬರೆ ಮುಚ್ಚಿದ ಚೀಲದಲ್ಲಿ ರಕ್ತ ಹೋಗಿ ಸಿಕ್ಕಿಕೊಳ್ಳುವುದು ಇನ್ನೂ ಸುಲಭ, ಆದ್ದರಿಂದ ಅಲ್ಲಿ ಹೆಪ್ಪು ಕಟ್ಟುವ ಭಯವೂ ಇದೆ. ಆ ನಂತರ ವಿಧಾನಗಳು ಸುಧಾರಿಸಿವೆ, ಕ್ಲಿಪ್‌ಗಳು ಬಂದಿವೆ. ಆದರೂ ಚೀಲ ಮುಚ್ಚಿದ್ದನ್ನೇ ಆಧಾರ ಮಾಡಿಕೊಂಡು ಮಾತ್ರೆ ನಿಲ್ಲಿಸುವುದಾದರೆ, ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಯಾವ ವಿಧಾನ ಬಳಸಿದರು ಎಂಬುದನ್ನು ಓದಿಸಿಕೊಂಡು, ಅನ್ನನಾಳದ ಎಕೋ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಸೋರಿಕೆಯಾಗಲಿ ಉಳಿದ ಮೋಟಾಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು. ಡಿಸ್ಚಾರ್ಜ್ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದದ್ದು ಸಾಲದು.

ಕಾಲಿನ ರಕ್ತನಾಳದ ಮೂಲಕ ಒಳಗಿನಿಂದ ಸಾಧನ ಕೂರಿಸಿ ಚೀಲ ಮುಚ್ಚುವ ಕ್ರಮ ಬೇರೆ. ಅದು ಮಾತ್ರೆಗೆ ಬದಲಿಯಾಗಿಯೇ ಬೆಳೆದದ್ದು. ಕ್ಯಾಥೆಟರ್ ಅಬ್ಲೇಷನ್ ಆದ 1,600 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಆಪ್ಷನ್ ಅಧ್ಯಯನದಲ್ಲಿ, ಮೂರು ವರ್ಷದ ಅವಧಿಯಲ್ಲಿ ಸಾವು, ಪಾರ್ಶ್ವವಾಯು ಮತ್ತು ಹೆಪ್ಪು ಹಾರುವಿಕೆಯ ಒಟ್ಟು ಲೆಕ್ಕ ಸಾಧನದ ಗುಂಪಿನಲ್ಲೂ ಮಾತ್ರೆಯ ಗುಂಪಿನಲ್ಲೂ ಹೆಚ್ಚುಕಡಿಮೆ ಸಮವಾಗಿತ್ತು. ಚಿಕಿತ್ಸಾ ವಿಧಾನಕ್ಕೆ ಸಂಬಂಧಿಸದ ರಕ್ತಸ್ರಾವ ಮಾತ್ರೆಯವರಲ್ಲಿ ಶೇ. 18.1, ಸಾಧನದವರಲ್ಲಿ ಶೇ. 8.5. ದೊಡ್ಡ ರಕ್ತಸ್ರಾವ ಒಮ್ಮೆ ಆಗಿ ಮತ್ತೆ ಆಗುವ ಸಂಭವವಿರುವವರಿಗೆ ಮಾತ್ರೆಯನ್ನು ಸುಮ್ಮನೆ ಬಿಡುವುದಕ್ಕಿಂತ ಇದು ಉತ್ತಮ ಆಯ್ಕೆ.

ಆಸ್ಪಿರಿನ್ ಸಾಕಲ್ಲವೆ?

ಮಾತ್ರೆ ಪೂರ್ತಿ ಬಿಡುವುದೂ ಬೇಡ, ಮುಂದುವರಿಸುವುದೂ ಬೇಡ, ನಡುವಿನ ದಾರಿಯಾಗಿ ಆಸ್ಪಿರಿನ್ ಇರಲಿ ಎಂಬ ಮಾತು ಹಿತವಾಗಿ ಕೇಳಿಸುತ್ತದೆ. ಆದರೆ ಕಂಪನದ ಹೆಪ್ಪಿಗೆ ಆಸ್ಪಿರಿನ್ ದುರ್ಬಲ ರಕ್ಷಣೆ. ವಾರ್ಫರಿನ್ ಹೊಂದದ 5,599 ಜನರ ಮೇಲೆ ನಡೆದ ಅವೆರೋಸ್ ಅಧ್ಯಯನದಲ್ಲಿ, ಪಾರ್ಶ್ವವಾಯು ಅಥವಾ ಹೆಪ್ಪು ಹಾರುವಿಕೆ ಆಸ್ಪಿರಿನ್ ತೆಗೆದುಕೊಂಡವರಲ್ಲಿ ವರ್ಷಕ್ಕೆ ಶೇ. 3.7, ಅಪಿಕ್ಸಬಾನ್ ತೆಗೆದುಕೊಂಡವರಲ್ಲಿ ಶೇ. 1.6. ದೊಡ್ಡ ರಕ್ತಸ್ರಾವ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ವರ್ಷಕ್ಕೆ ಶೇ. 1.2 ಮತ್ತು 1.4. ರಕ್ಷಣೆ ಕಡಿಮೆ, ರಕ್ತಸ್ರಾವ ಸಮ ಎಂದಾದರೆ ಅದನ್ನು ನಡುವಿನ ದಾರಿ ಎನ್ನುವುದು ಹೇಗೆ?

ವಿಚಿತ್ರವೆಂದರೆ, ಬೈಪಾಸ್ ಆದ ಅನೇಕರು ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್ ಎರಡನ್ನೂ ನುಂಗುತ್ತಿರುತ್ತಾರೆ, ವರ್ಷ ಕಳೆದ ಮೇಲೆ ಬಿಡಬೇಕಾದದ್ದು ಅವುಗಳಲ್ಲಿ ಆಸ್ಪಿರಿನ್. ಹೃದಯದ ರಕ್ತನಾಳಗಳ ಚಿಕಿತ್ಸೆಯಾಗಿ ಒಂದು ವರ್ಷ ಕಳೆದು ಸ್ಥಿರವಾಗಿರುವ ಕಂಪನದ ರೋಗಿಗಳಲ್ಲಿ ಜಪಾನಿನ ಅಫೈರ್ ಅಧ್ಯಯನ 2019ರಲ್ಲಿ ರಿವರೋಕ್ಸಬಾನ್ ಒಂದನ್ನೇ, ಅದರ ಜೊತೆ ಆಸ್ಪಿರಿನ್‌ನಂಥ ಔಷಧ ಸೇರಿಸಿದ್ದರೊಡನೆ ಹೋಲಿಸಿತು. ಜೋಡಿ ಔಷಧದ ಗುಂಪಿನಲ್ಲಿ ಸಾವುಗಳು ಹೆಚ್ಚಾದ್ದರಿಂದ ಅಧ್ಯಯನವನ್ನು ಬೇಗನೆ ನಿಲ್ಲಿಸಲಾಯಿತು. ಫ್ರಾನ್ಸ್‌ನ ಅಕ್ವಾಟಿಕ್ ಅಧ್ಯಯನ, ಹೆಚ್ಚು ಅಪಾಯದಲ್ಲಿದ್ದ ಸ್ಟೆಂಟ್ ರೋಗಿಗಳಲ್ಲೂ ಇದೇ ಬಗೆಯ ಫಲಿತಾಂಶವನ್ನು 2025ರಲ್ಲಿ ಕೊಟ್ಟಿತು. ಆದ್ದರಿಂದ ಶಸ್ತ್ರಚಿಕಿತ್ಸೆಯಾಗಿ ವರ್ಷ ದಾಟಿ, ಮೈಯೆಲ್ಲ ನೀಲಿಗಟ್ಟುತ್ತಿದೆ ಎಂದು ಚಿಂತಿಸುವವರು ವೈದ್ಯರ ಮುಂದೆ ಇಡಬೇಕಾದ ಮೊದಲ ಪ್ರಶ್ನೆ, ನನಗೆ ಆಸ್ಪಿರಿನ್ ಇನ್ನೂ ಬೇಕೆ ಎಂಬುದು. ಆದರೆ ಮೊದಲ ವರ್ಷದಲ್ಲಿ, ಬೈಪಾಸ್‌ನಲ್ಲಿ ಜೋಡಿಸಿದ ಹೊಸ ನಾಳಗಳು ತೆರೆದಿರಲೆಂದು ಅದನ್ನು ಕೊಟ್ಟಿರುತ್ತಾರೆ, ಆಗ ತಾವಾಗಿ ಬಿಡಬಾರದು.

ರಕ್ತಸ್ರಾವದ ಭಯಕ್ಕೆ ಪ್ರಮಾಣವನ್ನು ಅರ್ಧ ಮಾಡಿಕೊಳ್ಳುವವರೂ ಇದ್ದಾರೆ. ಅಪಿಕ್ಸಬಾನ್ ಪ್ರಮಾಣವನ್ನು 2.5 ಮಿಲಿಗ್ರಾಂಗೆ ಇಳಿಸಲು 80 ವರ್ಷ ತುಂಬಿರುವುದು, ತೂಕ 60 ಕಿಲೋ ಅಥವಾ ಕಡಿಮೆ ಇರುವುದು, ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತದ ಕ್ರಿಯಾಟಿನಿನ್ 1.5 ಅಥವಾ ಹೆಚ್ಚು ಇರುವುದು, ಈ ಮೂರರಲ್ಲಿ ಎರಡು ಇರಬೇಕೆಂಬ ನಿಯಮವಿದೆ. ಅದಿಲ್ಲದೆ ಇಳಿಸಿದರೆ ರಕ್ಷಣೆಯೇ ಇಳಿಯುತ್ತದೆ. ರಕ್ತದೊತ್ತಡವನ್ನು ಹತೋಟಿಗೆ ತರುವುದು, ನೋವಿನ ಮಾತ್ರೆಗಳನ್ನು ದೂರವಿಡುವುದು, ಮದ್ಯ ಬಿಡುವುದು, ಹೊಟ್ಟೆಯ ಹುಣ್ಣಿಗೆ ಚಿಕಿತ್ಸೆ ಮಾಡಿಸುವುದು ಇವು ಮಾತ್ರೆಯನ್ನು ಮುಟ್ಟದೆಯೇ ರಕ್ತಸ್ರಾವವನ್ನು ಕಡಿಮೆ ಮಾಡುವ ದಾರಿಗಳು. ಒಸಡಿನ ರಕ್ತ, ಚರ್ಮದ ನೀಲಿ ಕಲೆ ಕಿರಿಕಿರಿಯೇ, ಆದರೆ ಮಾತ್ರೆ ಬಿಡಲು ಅವು ಕಾರಣವಲ್ಲ. ಮಿದುಳಿನಲ್ಲಿ ರಕ್ತಸ್ರಾವ, ಮೂಲ ಸಿಗದ ಕರುಳಿನ ರಕ್ತಸ್ರಾವ, ಶಸ್ತ್ರಚಿಕಿತ್ಸೆಯ ಮೊದಲ ವಾರಗಳಲ್ಲಿ ಹೃದಯದ ಸುತ್ತ ರಕ್ತ ತುಂಬುವುದು, ಇವು ಕಾರಣಗಳು. ಅಲ್ಲಿ ನಿಲ್ಲಿಸುವುದೇ ಸರಿ, ಮತ್ತೆ ಯಾವಾಗ ಆರಂಭಿಸಬೇಕು ಎಂಬುದನ್ನು ತಜ್ಞರು ಕೂತು ತೀರ್ಮಾನಿಸಬೇಕು.

ನಿಲ್ಲಿಸಲು ತೀರ್ಮಾನವಾದರೆ

ಹೊಸ ತಲೆಮಾರಿನ ಮಾತ್ರೆಗಳ ಪ್ರಭಾವ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ, ವಾರ್ಫರಿನ್‌ನದು ಸುಮಾರು ಐದು ದಿನ ಉಳಿಯುತ್ತದೆ. ಹಾಗಾಗಿ ಮಾತ್ರೆ ತೀರಿತೆಂದು ನಾಲ್ಕು ದಿನ ಸುಮ್ಮನಿದ್ದವರು ತಿಳಿಯದೆಯೇ ರಕ್ಷಣೆ ಕಳೆದುಕೊಂಡಿರುತ್ತಾರೆ. ಅಕಾಲದಲ್ಲಿ ನಿಲ್ಲಿಸಿದರೆ ಹೆಪ್ಪಿನ ಘಟನೆಗಳು ಹೆಚ್ಚುತ್ತವೆ ಎಂಬ ಎಚ್ಚರಿಕೆ ಈ ಔಷಧಗಳ ಮಾಹಿತಿ ಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿತವಾಗಿದೆ. ಹಲ್ಲು ಕೀಳಿಸುವುದಕ್ಕೋ ಬೇರೊಂದು ಶಸ್ತ್ರಚಿಕಿತ್ಸೆಗೋ ತಾತ್ಕಾಲಿಕವಾಗಿ ನಿಲ್ಲಿಸುವುದು ಬೇರೆ ವಿಷಯ. ಸಾಮಾನ್ಯ ಹಲ್ಲಿನ ಚಿಕಿತ್ಸೆಗೆ ಎಷ್ಟೋ ಸಲ ನಿಲ್ಲಿಸಬೇಕಾಗಿಯೇ ಇರುವುದಿಲ್ಲ. ನಿಲ್ಲಿಸಿದರೂ ಮತ್ತೆ ಆರಂಭಿಸುವ ದಿನಾಂಕವನ್ನು ಅದೇ ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ಪೂರ್ತಿ ನಿಲ್ಲಿಸಿದವರು ಬಡಿತವನ್ನು ಕಾಲಕಾಲಕ್ಕೆ ಹಲವು ದಿನಗಳ ದಾಖಲೆಯಲ್ಲಿ ನೋಡಿಸಿಕೊಳ್ಳುತ್ತಿರಬೇಕು. ಮುಖ ಒಂದು ಬದಿಗೆ ಸೊಟ್ಟಗಾಗುವುದು, ಕೈ ಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಇದ್ದಕ್ಕಿದ್ದಂತೆ ಮಂಜಾಗುವುದು ಕಂಡರೆ, ಅದು ತಾನೇ ಸರಿಹೋದರೂ, ತಡಮಾಡದೆ ಆಸ್ಪತ್ರೆ ಸೇರಬೇಕೆಂದು ಮನೆಯವರಿಗೂ ಗೊತ್ತಿರಬೇಕು. ನಿಲ್ಲಿಸಿದ ದಿನದ ಲೆಕ್ಕ ಮುಂದೆಯೂ ಅದೇ ಆಗಿರುವುದಿಲ್ಲ. 56ರಲ್ಲಿ ಒಂದೇ ಅಂಕವಿದ್ದು ಮಾತ್ರೆ ಬಿಟ್ಟವರು 65 ತುಂಬಿದ ದಿನ ಎರಡಕ್ಕೆ ಬರುತ್ತಾರೆ, ನಡುವೆ ಸಕ್ಕರೆ ಕಾಯಿಲೆ ಬಂದರೆ ಇನ್ನೂ ಮೊದಲೇ. ಹಾಗಾಗಿ ಪ್ರತಿ ವರ್ಷದ ತಪಾಸಣೆಯಲ್ಲೂ ಅಂಕವನ್ನು ಹೊಸದಾಗಿ ಕೂಡಿಸಿ ನೋಡುವಂತೆ ವೈದ್ಯರನ್ನು ಕೇಳಬೇಕು.